ಸಂಪಾದಕರ ಉತ್ತರ: ಬೆನ್ನಟ್ಟುವ ಕಥೆಯೋ, ಗುರುತು ಹಿಡಿಯುವ ಕಥೆಯೋ?

ಮಾನ್ಯರಿಗೆ ಸವಿನಯ ವಂದನೆಗಳು.

ಗದಗ ತಾಲ್ಲೂಕಿನ ತಮ್ಮ ಊರಿನಿಂದ ತಾವು ಬರೆದ ಪತ್ರ ಧಾರವಾಡದ ನಮ್ಮ ಕಚೇರಿಗೆ ತಲುಪಿದೆ. ಹಾವೇರಿ ಕಡೆಯ ಹಳ್ಳಿಯೊಂದರ ಗುಡಿಯಿಂದ ಕಳವಾದ ಪಂಚಲೋಹದ ಉಮಾಮಹೇಶ್ವರ ಮೂರ್ತಿಯನ್ನು ಇನ್‌ಸ್ಪೆಕ್ಟರ್ ಒಬ್ಬರು ಹೊರದೇಶದ ವಸ್ತುಸಂಗ್ರಹಾಲಯದಿಂದ ಮರಳಿ ತರುವ, ಕಳೆದ ಸಂಚಿಕೆಗೆ ಮುಗಿದ ನಮ್ಮ ಪತ್ತೇದಾರಿ ಧಾರಾವಾಹಿಯನ್ನು ತಾವು ಒಂದು ಕಂತನ್ನೂ ಬಿಡದೆ ಓದಿದ್ದೀರಿ. ಮೊದಲರ್ಧ ಮೆಚ್ಚಿಗೆಯಾಯಿತು, ಕೊನೆಯ ಕಂತುಗಳು ನಿರಾಸೆ ಮಾಡಿದವು ಎಂಬುದು ತಮ್ಮ ದೂರು. ಅಲ್ಲಿ ಇನ್‌ಸ್ಪೆಕ್ಟರ್ ಯಾರನ್ನೂ ಬೆನ್ನಟ್ಟದೆ ಹಳೆಯ ಭಾವಚಿತ್ರಗಳನ್ನು ಹರಡಿಕೊಂಡು ಕೂರುತ್ತಾರೆ. ಕೋಟಿಗಟ್ಟಲೆ ಹಣ ಸುರಿದು ಕೊಂಡವರು ಒಂದು ಕಪ್ಪು-ಬಿಳುಪು ಚಿತ್ರಕ್ಕೆ ಮಣಿದು ಮೂರ್ತಿಯನ್ನು ಒಪ್ಪಿಸುವುದು ನಂಬುವ ಮಾತಲ್ಲ. ಕಡೆಗೆ ದೇವರು ಗುಡಿ ಸೇರದೆ ಕೋರ್ಟಿನ ಮುದ್ದೆಮಾಲಾಗಿ, ಅಂದರೆ ಜಪ್ತಾದ ಸಾಕ್ಷ್ಯವಸ್ತುವಾಗಿ, ಉಳಿಯುವುದು ಓದುಗರಿಗೆ ಆದ ಅನ್ಯಾಯ ಎಂದು ಬರೆದಿದ್ದೀರಿ. ಪತ್ರದ ತುದಿಯಲ್ಲಿ, ಅದು ಬೇರೆಯೇ ವಿಷಯವೆಂಬಂತೆ, ತಮ್ಮೂರ ಗುಡಿಯ ಉತ್ಸವಮೂರ್ತಿಯೂ ಹಲವು ವರ್ಷಗಳ ಹಿಂದೆ ಕಳವಾಯಿತೆಂದು, ಠಾಣೆಯವರು ಚಿತ್ರ ಕೇಳಿದಾಗ ಜಾತ್ರೆಯಲ್ಲಿ ತೆಗೆದ ಒಂದೇ ಒಂದು ಚಿತ್ರ ಸಿಕ್ಕಿತೆಂದು ಎರಡು ಸಾಲು ಸೇರಿಸಿದ್ದೀರಿ. ನನ್ನ ದೃಷ್ಟಿಯಲ್ಲಿ ತಮ್ಮ ಮೂರೂ ಆಕ್ಷೇಪಗಳಿಗೆ ಉತ್ತರ ಆ ಎರಡು ಸಾಲಿನಲ್ಲೇ ಇದೆ.

ಕಲಾಕೃತಿಗಳ ಕಳವಿನಲ್ಲಿ ಎರಡು ಬಗೆ. ಲೋಕವೆಲ್ಲ ಬಲ್ಲ ಕೃತಿಯನ್ನು ಕದ್ದವನಿಗೆ ಅದನ್ನು ಮಾರುವುದೇ ಕಷ್ಟ. 1911ರ ಆಗಸ್ಟ್‌ನಲ್ಲಿ ಪ್ಯಾರಿಸ್ಸಿನ ಲೂವ್ರ್ ಸಂಗ್ರಹಾಲಯದಿಂದ ಮೋನಾಲಿಸಾ ಚಿತ್ರವನ್ನು ಕದ್ದೊಯ್ದ ವಿನ್ಸೆಂಜೊ ಪೆರೂಜಿಯಾ ಎರಡು ವರ್ಷಕ್ಕೂ ಹೆಚ್ಚು ಕಾಲ ಅದನ್ನು ಬಚ್ಚಿಟ್ಟುಕೊಂಡಿದ್ದು, 1913ರ ಡಿಸೆಂಬರ್‌ನಲ್ಲಿ ಫ್ಲಾರೆನ್ಸಿನ ವ್ಯಾಪಾರಿಗೆ ಮಾರಲು ಹೋಗಿ ಸಿಕ್ಕಿಬಿದ್ದ. ನಮ್ಮ ಹಳ್ಳಿಗಳ ಮೂರ್ತಿಗಳ ಪಾಡು ಇದಕ್ಕೆ ತದ್ವಿರುದ್ಧ. ಊರ ಸೀಮೆ ದಾಟಿದ ಮೇಲೆ ಅವುಗಳ ಗುರುತು ಬಲ್ಲವರಿಲ್ಲ. ಹೀಗಾಗಿ ಮಾರಾಟ ಸಲೀಸು. ಮುಂದೆಂದೋ ಅವು ಗಾಜಿನ ಪೆಟ್ಟಿಗೆಯಲ್ಲಿ ಎಲ್ಲರ ಕಣ್ಣೆದುರೇ ನಿಂತಿದ್ದರೂ ಯಾವ ಊರಿನವು ಎಂದು ಹೇಳುವವರು ಸಿಗುವುದಿಲ್ಲ. ಇಂಥ ಕಥೆಯಲ್ಲಿ ಕಳ್ಳನನ್ನು ಹಿಡಿಯುವುದು ಅರ್ಧ ಕೆಲಸ ಮಾತ್ರ. ಕಣ್ಣೆದುರಿಗಿರುವ ಮೂರ್ತಿಯೇ ಆ ಗುಡಿಯ ಮೂರ್ತಿ ಎಂದು ಸಾಬೀತು ಮಾಡುವುದು ಉಳಿದರ್ಧ, ಅದೇ ಹೆಚ್ಚು ಕಠಿಣ. ನಮ್ಮ ಲೇಖಕರು ಕಥೆಯ ಬಿಗಿಯನ್ನೆಲ್ಲ ಈ ಭಾಗಕ್ಕೆ ತಂದು ನಿಲ್ಲಿಸಿದ್ದನ್ನು ನಾನು ಪೂರ್ಣವಾಗಿ ಸಮರ್ಥಿಸುತ್ತೇನೆ.

ನಂಬಲಾಗದು ಎಂದಿರಲ್ಲ, ಅದಕ್ಕೆ ನಡೆದ ಘಟನೆಯನ್ನೇ ಹೇಳುತ್ತೇನೆ. ತಮಿಳುನಾಡಿನ ಅರಿಯಲೂರು ಜಿಲ್ಲೆಯ ಶ್ರೀಪುರಂದಾನ್ ಎಂಬ ಹಳ್ಳಿಯ ದೇವಾಲಯದಿಂದ ಚೋಳರ ಕಾಲದ ನಟರಾಜ ಮೂರ್ತಿ 2006ರಲ್ಲಿ ಕಳವಾಯಿತು. ಪೂಜೆ ನಿಂತು ಬಾಗಿಲು ಮುಚ್ಚಿದ್ದ ಗುಡಿಯಾದ್ದರಿಂದ ಕಳವಾದ ಸಂಗತಿ ಊರಿಗೆ ತಿಳಿಯುವ ಹೊತ್ತಿಗೆ 2008 ಬಂದಿತ್ತು. ಅದೇ 2008ರಲ್ಲಿ ಆಸ್ಟ್ರೇಲಿಯಾದ ನ್ಯಾಷನಲ್ ಗ್ಯಾಲರಿ ನ್ಯೂಯಾರ್ಕಿನ ವ್ಯಾಪಾರಿ ಸುಭಾಷ್ ಕಪೂರ್ ಅವರಿಂದ ಆ ಮೂರ್ತಿಯನ್ನು ಸುಮಾರು 50 ಲಕ್ಷ ಡಾಲರಿಗೆ ಖರೀದಿಸಿತು. ಪುರಾವಸ್ತುಗಳ ಹೊರಸಾಗಣೆಯನ್ನು ತಡೆಯುವ ನಮ್ಮ ದೇಶದ ಪುರಾವಸ್ತು ಮತ್ತು ಕಲಾನಿಧಿ ಕಾಯ್ದೆ ಬಂದದ್ದು 1972ರಲ್ಲಿ. ಮೂರ್ತಿ ಅದಕ್ಕೂ ಮೊದಲೇ ಭಾರತದಿಂದ ಹೊರಗೆ ಹೋಗಿತ್ತು ಎಂದು ತೋರಿಸುವ ಸುಳ್ಳು ಕಾಗದಗಳನ್ನು ಅದರ ಜೊತೆ ಕೊಡಲಾಗಿತ್ತು. ಆ ಸುಳ್ಳನ್ನು ಬಯಲಿಗೆಳೆದವು ಪುದುಚೇರಿಯ ಫ್ರೆಂಚ್ ಸಂಸ್ಥೆಯವರು ಹಿಂದಿನ ದಶಕಗಳಲ್ಲಿ ದೇವಾಲಯಗಳನ್ನು ಅಧ್ಯಯನ ಮಾಡಲೆಂದು ತೆಗೆದಿಟ್ಟಿದ್ದ ಕಪ್ಪು-ಬಿಳುಪು ಚಿತ್ರಗಳು. ಅವರು ಕಳ್ಳರನ್ನು ಹಿಡಿಯಲೆಂದು ಕ್ಯಾಮೆರಾ ಎತ್ತಿದವರಲ್ಲ. ಇದ್ದದ್ದನ್ನು ಇದ್ದಂತೆ ದಾಖಲಿಸಿದ ವಿದ್ವಾಂಸರು. 2014ರ ಸೆಪ್ಟೆಂಬರ್‌ನಲ್ಲಿ ಆಸ್ಟ್ರೇಲಿಯಾದ ಪ್ರಧಾನಿಯೇ ದೆಹಲಿಗೆ ಬಂದು ನಟರಾಜನನ್ನು ಒಪ್ಪಿಸಿದರು. 2011ರಲ್ಲಿ ಜರ್ಮನಿಯಲ್ಲಿ ಬಂಧಿತರಾಗಿ ಮರುವರ್ಷ ಭಾರತಕ್ಕೆ ಹಸ್ತಾಂತರಗೊಂಡಿದ್ದ ಕಪೂರ್ ಅವರಿಗೆ ಕುಂಭಕೋಣದ ನ್ಯಾಯಾಲಯ 2022ರ ನವೆಂಬರ್‌ನಲ್ಲಿ ಹತ್ತು ವರ್ಷಗಳ ಶಿಕ್ಷೆ ವಿಧಿಸಿತು.

ಚಿತ್ರವೊಂದು ಇಷ್ಟು ಗಟ್ಟಿಯಾದ ಸಾಕ್ಷಿಯಾಗುವುದು ಹೇಗೆ ಎಂದು ಕೇಳಬಹುದು. ನಮ್ಮ ಲೋಹಮೂರ್ತಿಗಳನ್ನು ಮೊದಲು ಮೇಣದಲ್ಲಿ ರೂಪಿಸಿ, ಅದರ ಮೇಲೆ ಮಣ್ಣು ಮೆತ್ತಿ, ಕಾಯಿಸಿ, ಮೇಣ ಕರಗಿ ಹರಿದ ಜಾಗಕ್ಕೆ ಲೋಹ ಹೊಯ್ಯುತ್ತಾರೆ. ಆರಿದ ಮೇಲೆ ಮಣ್ಣಿನ ಅಚ್ಚನ್ನು ಒಡೆದೇ ಮೂರ್ತಿಯನ್ನು ಹೊರತೆಗೆಯಬೇಕು. ಆದ್ದರಿಂದ ಒಂದು ಅಚ್ಚಿನಿಂದ ಎರಡನೆಯ ಮೂರ್ತಿ ಹುಟ್ಟುವುದಿಲ್ಲ. ಒಬ್ಬ ಶಿಲ್ಪಿಯೇ ಒಂದೇ ಅಳತೆಯಲ್ಲಿ ಮಾಡಿದ ಎರಡು ಮೂರ್ತಿಗಳಲ್ಲೂ ವ್ಯತ್ಯಾಸ ಉಳಿಯುತ್ತದೆ. ಪ್ರಭಾವಳಿಯ ಎಷ್ಟನೆಯ ಜ್ವಾಲೆಯ ತುದಿ ಮುರಿದಿದೆ, ಲೋಹ ಸರಿಯಾಗಿ ಹರಿಯದೆ ಪೀಠದ ಯಾವ ಮೂಲೆಯಲ್ಲಿ ಗುಳಿ ಬಿದ್ದಿದೆ, ದಿನನಿತ್ಯದ ಅಭಿಷೇಕದಿಂದ ಮೂಗು ಎಷ್ಟು ಸವೆದಿದೆ ಎಂಬುದನ್ನು ಎರಡು ಚಿತ್ರಗಳಲ್ಲಿ ಒಂದೊಂದಾಗಿ ತಾಳೆ ನೋಡುತ್ತ ಹೋದರೆ ಒಂದು ಹಂತದಲ್ಲಿ ವಾದಕ್ಕೆ ಜಾಗ ಉಳಿಯುವುದಿಲ್ಲ. ಕಲ್ಲಿಗೂ ಈ ಮಾತು ಸಲ್ಲುತ್ತದೆ. ಲಕ್ಕುಂಡಿಯ ಗುಡಿಗಳ ಬಳಪದ ಕಲ್ಲಿನಲ್ಲಿ ಕೆತ್ತನೆ ಎಷ್ಟು ಸೂಕ್ಷ್ಮವೋ ಮುರಿದ ಅಂಚೂ ಅಷ್ಟೇ ವಿಶಿಷ್ಟ. ಅದು ಆ ಶಿಲ್ಪದ ಬೆರಳಚ್ಚು ಇದ್ದಂತೆ. ಇನ್‌ಸ್ಪೆಕ್ಟರ್ ಭೂತಗನ್ನಡಿ ಹಿಡಿದು ಪಾರ್ವತಿಯ ಎಡಗೈಯ ಕಿರುಬೆರಳನ್ನು ಹುಡುಕುವ ಕಂತನ್ನು ತಾವು ಬೇಸರದ ಕಂತು ಎಂದಿದ್ದೀರಿ. ಇಡೀ ಕಾದಂಬರಿಯಲ್ಲಿ ನನ್ನ ಉಸಿರು ಬಿಗಿಹಿಡಿಸಿದ್ದು ಆ ಕಂತೇ.

ಕೊಂಡವರು ಏಕೆ ಕೊಡುತ್ತಾರೆ ಎಂಬ ಪ್ರಶ್ನೆಗೆ ಕಾನೂನಿನ ಉತ್ತರವೂ ಇದೆ. ಸಾಂಸ್ಕೃತಿಕ ಸ್ವತ್ತುಗಳ ಅಕ್ರಮ ಸಾಗಣೆಯನ್ನು ತಡೆಯಲು ಯುನೆಸ್ಕೊ 1970ರಲ್ಲಿ ಒಡಂಬಡಿಕೆಯೊಂದನ್ನು ರೂಪಿಸಿತು. ಭಾರತ 1977ರಲ್ಲಿ ಅದನ್ನು ಅನುಮೋದಿಸಿತು. ಅದರ 7ನೆಯ ವಿಧಿ ಧಾರ್ಮಿಕ ಸ್ಥಳಗಳಿಂದ ಕಳವಾದ ವಸ್ತುಗಳ ಮರಳಿಕೆಗೆ ದಾರಿ ಮಾಡಿಕೊಡುತ್ತದೆ, ಆದರೆ ಆ ವಸ್ತು ಆ ಸ್ಥಳದ ಯಾದಿಯಲ್ಲಿ ದಾಖಲಾಗಿರಬೇಕು ಎಂಬ ಷರತ್ತನ್ನೂ ಇಡುತ್ತದೆ. ನಮ್ಮ ಎಷ್ಟು ಗುಡಿಗಳಲ್ಲಿ ಅಂಥ ಯಾದಿ ಇದೆ ಎಂದು ತಾವೇ ಯೋಚಿಸಬೇಕು. ಬೆಳ್ಳಿಯ ಕಿರೀಟ, ಬಂಗಾರದ ತಾಳಿಯ ತೂಕ ಪಂಚ ಕಮಿಟಿಯ ಪುಸ್ತಕದಲ್ಲಿ ಗುಂಜಿಯ ಲೆಕ್ಕದಲ್ಲಿರುತ್ತದೆ. ಅವನ್ನು ತೊಡುವ ಮೂರ್ತಿಯ ಎತ್ತರ ಎಲ್ಲಿಯೂ ಇರುವುದಿಲ್ಲ. ದಾಖಲೆ ಇಲ್ಲದಿದ್ದರೂ ಹೋರಾಡಿ ಗೆದ್ದ ಉದಾಹರಣೆ ಇಲ್ಲವೆಂದಲ್ಲ. 1976ರಲ್ಲಿ ತಮಿಳುನಾಡಿನ ಪತ್ತೂರಿನಲ್ಲಿ ಕೂಲಿಕಾರನೊಬ್ಬನಿಗೆ ನೆಲದಡಿ ಸಿಕ್ಕ ನಟರಾಜ ಲಂಡನ್ನಿಗೆ ಸಾಗಿದಾಗ, ಪಾಳುಬಿದ್ದ ಆ ದೇವಾಲಯವೇ ಅಲ್ಲಿನ ನ್ಯಾಯಾಲಯದಲ್ಲಿ ಹಕ್ಕು ಮಂಡಿಸಿತು. ಮೂರ್ತಿಗೆ ಅಂಟಿದ್ದ ಮಣ್ಣು, ಗೆದ್ದಲಿನ ಗುರುತುಗಳವರೆಗೆ ತಜ್ಞರು ಪರೀಕ್ಷಿಸಬೇಕಾಯಿತು. 1991ರಲ್ಲಿ ಮೇಲ್ಮನವಿ ನ್ಯಾಯಾಲಯವೂ ದೇವಾಲಯದ ಪರವಾಗಿ ತೀರ್ಪು ಕೊಟ್ಟ ಮೇಲೆ ಮೂರ್ತಿ ಭಾರತದ ದಾರಿ ಹಿಡಿಯಿತು. ಒಂದು ಒಳ್ಳೆಯ ಚಿತ್ರವಿದ್ದಿದ್ದರೆ ಉಳಿಯುತ್ತಿದ್ದ ಶ್ರಮ ಎಷ್ಟು!

ಮುದ್ದೆಮಾಲಿನ ವಿಷಯದಲ್ಲಿ ಹೆಚ್ಚು ಹೇಳುವುದಿಲ್ಲ. ಜಪ್ತಾದ ಮೂರ್ತಿ ಮೊಕದ್ದಮೆಯ ಸಾಕ್ಷ್ಯವಾದ್ದರಿಂದ ನ್ಯಾಯಾಧೀಶರ ಆದೇಶವಿಲ್ಲದೆ ಅದನ್ನು ಯಾರೂ ಒಯ್ಯುವಂತಿಲ್ಲ; ಗುಡಿಗೆ ಗಟ್ಟಿ ಬಾಗಿಲು, ಕಾವಲು ಇಲ್ಲದಿದ್ದರೆ ಆದೇಶವಾದ ಮೇಲೂ ಭದ್ರತಾ ಕೇಂದ್ರದಲ್ಲಿಯೇ ಇಡುವುದುಂಟು. ಇದು ಊರಿನವರಿಗೆ ನೋವಿನ ಸಂಗತಿ, ಆ ನೋವನ್ನು ಮರೆಮಾಚಿ ಮಂಗಳವಾದ್ಯದೊಂದಿಗೆ ಕಥೆ ಮುಗಿಸದಿದ್ದುದು ಲೇಖಕರ ಪ್ರಾಮಾಣಿಕತೆ.

ಇನ್ನು ತಮ್ಮೂರಿನ ಮೂರ್ತಿಗೆ ಬರುತ್ತೇನೆ. ತಾವು ಕಳಿಸಿದ ಜಾತ್ರೆಯ ಚಿತ್ರದ ಪ್ರತಿಯನ್ನು ನೋಡಿದೆ. ಪಲ್ಲಕ್ಕಿಯಲ್ಲಿ ಸೇವಂತಿಗೆ, ಕನಕಾಂಬರದ ಮಾಲೆಗಳು ಕೊರಳಿನಿಂದ ಪೀಠದವರೆಗೆ ಇಳಿಬಿದ್ದಿವೆ, ಮುಖಕ್ಕೆ ಬೆಳ್ಳಿಯ ಮುಖವಾಡ, ಮೈಗೆ ಜರಿಯ ಸೀರೆ. ಮೂರ್ತಿಯದೆಂದು ಹೇಳಬಹುದಾದದ್ದು ಬಲಗೈಯ ಎರಡು ಬೆರಳು ಮಾತ್ರ. ಇದನ್ನು ಹಿಡಿದು ತನಿಖಾಧಿಕಾರಿ ಏನು ಹೋಲಿಸಬಲ್ಲರು? ಪ್ರಕರಣ ಪತ್ತೆಯಾಗದೆ ‘ಸಿ’ ರಿಪೋರ್ಟ್ ಆಯಿತು, ಅಂದರೆ ಪೊಲೀಸರು ಪತ್ತೆಯಾಗಲಿಲ್ಲವೆಂದು ವರದಿ ಕೊಟ್ಟು ತನಿಖೆ ಮುಗಿಸಿದರು ಎಂದು ಬರೆದಿದ್ದೀರಿ. ಹಾಗಾದರೂ ದಾರಿ ಪೂರ್ತಿ ಮುಚ್ಚಿಲ್ಲ, ಹೊಸ ಸುಳಿವು ದೊರೆತರೆ ತನಿಖೆ ಮುಂದುವರಿಸಲು ಕಾನೂನಿನಲ್ಲಿ ಅವಕಾಶವಿದೆ. ಮೊದಲು ಎಫ್‌ಐಆರ್ ಪ್ರತಿಯನ್ನು ಪಡೆದು ಜೋಪಾನ ಮಾಡಿರಿ. ಮೂರ್ತಿ ಇಂಥ ದಿನ ಕಳವಾಗಿತ್ತೆಂದು ಹೊರದೇಶದಲ್ಲಿ ತೋರಿಸಲು ಅದೇ ಆಧಾರ. ಆಮೇಲೆ ಊರಿನ ಮನೆಗಳ ಹಳೆಯ ಆಲ್ಬಮ್ಮುಗಳನ್ನು ಹುಡುಕಿಸಿರಿ. ಗುಡಿಯಲ್ಲಿ ಮದುವೆಯಾದವರ, ಅಭಿಷೇಕ ಮಾಡಿಸಿದವರ ಚಿತ್ರಗಳ ಹಿನ್ನೆಲೆಯಲ್ಲಿ ಅಲಂಕಾರವಿಲ್ಲದ ಮೂರ್ತಿ ಇರಬಹುದು. ಧಾರವಾಡದ ಕನ್ನಡ ಸಂಶೋಧನ ಸಂಸ್ಥೆ, ಭಾರತೀಯ ಪುರಾತತ್ವ ಸರ್ವೇಕ್ಷಣಾ ಇಲಾಖೆಯ ಧಾರವಾಡ ವಲಯದ ಕಚೇರಿ, ದೇಶದ ದೇವಾಲಯಗಳ ಚಿತ್ರಸಂಗ್ರಹವಿರುವ ಗುರುಗ್ರಾಮದ ಅಮೆರಿಕನ್ ಇನ್‌ಸ್ಟಿಟ್ಯೂಟ್ ಆಫ್ ಇಂಡಿಯನ್ ಸ್ಟಡೀಸ್ ಇವುಗಳಿಗೂ ಊರಿನ, ಗುಡಿಯ ಹೆಸರು ಬರೆದು ವಿಚಾರಿಸಿರಿ. 2022ರ ಅಕ್ಟೋಬರ್‌ನಲ್ಲಿ ನ್ಯೂಯಾರ್ಕಿನ ಮ್ಯಾನ್‌ಹಟನ್ ಜಿಲ್ಲಾ ಪ್ರಾಸಿಕ್ಯೂಟರ್ ಕಚೇರಿಯೊಂದೇ 307 ಪುರಾವಸ್ತುಗಳನ್ನು ಭಾರತಕ್ಕೆ ಒಪ್ಪಿಸಿತು. ಹೀಗೆ ಬಂದವುಗಳಲ್ಲಿ ಊರಿನ ಗುರುತು ಸಿಕ್ಕವು ಮಾತ್ರ ಊರು ಸೇರಬಲ್ಲವು.

ಗುಡಿಯಲ್ಲಿ ಈಗ ಉಳಿದಿರುವ ಮೂರ್ತಿಗಳು, ಅಂಗಳದ ವೀರಗಲ್ಲು, ತೇರಿನ ಕೆತ್ತನೆಯ ಹಲಗೆಗಳು ಇವೆಲ್ಲದರ ದಾಖಲೆಯನ್ನೂ ಕೂಡಲೇ ಮಾಡಿಸಬೇಕೆಂದು ತಮ್ಮಲ್ಲಿ ಮತ್ತು ಊರಿನ ದೈವದವರಲ್ಲಿ ಕೈಮುಗಿದು ಕೇಳುತ್ತೇನೆ. ಪ್ರತಿಯೊಂದರ ಮುಂದೆ, ಹಿಂದೆ, ಎರಡೂ ಪಕ್ಕ, ಪೀಠದ ಕೆಳಭಾಗ, ಪಕ್ಕದಲ್ಲೊಂದು ಅಳತೆಪಟ್ಟಿ. ಮುಕ್ಕಾದ, ಸವೆದ, ಬೆಸುಗೆ ಹಾಕಿದ ಜಾಗಗಳ ಸಮೀಪದ ಚಿತ್ರ. ಎತ್ತರ, ಅಗಲ, ತೂಕ. ಪ್ರತಿಗಳು ಒಂದೇ ಕಡೆ ಇರಬಾರದು. ಗರ್ಭಗುಡಿಯಲ್ಲಿ ಹೊರಗಿನವರು ಚಿತ್ರ ತೆಗೆಯಬಾರದೆಂಬ ಹಿರಿಯರ ಮಾತಿಗೆ ನಾನು ಗೌರವ ಕೊಡುತ್ತೇನೆ. ಆ ಕೆಲಸವನ್ನು ಪೂಜಾರಿಗಳೇ ತಮ್ಮ ಮೊಬೈಲಿನಲ್ಲಿ ಮಾಡಬಹುದು. ಶ್ರಾವಣದ ಸೋಮವಾರಗಳಲ್ಲಿ ಅಭಿಷೇಕಕ್ಕೆಂದು ಅಲಂಕಾರವನ್ನೆಲ್ಲ ತೆಗೆಯುತ್ತಾರಲ್ಲ, ನೀರು ಹಾಕುವ ಮುನ್ನದ ಆ ಹೊತ್ತು ಇದಕ್ಕೆ ಅನುಕೂಲ. ಯಾದಿಯ ನಮೂನೆಯೊಂದನ್ನು ಈ ಪತ್ರದ ಜೊತೆ ಅಂಚೆಯಲ್ಲಿ ಕಳಿಸುತ್ತಿದ್ದೇನೆ.

ಇಂತು ತಮ್ಮ ವಿಶ್ವಾಸಿ,
ಸಂಪಾದಕ