ಕಣ್ಣೀರು ಬಂತು ಎಂದು ಬರೆದರೆ ಸಾಲದೇ?

ಓದುಗರ ಪ್ರಶ್ನೆ, ನಮ್ಮ ಉತ್ತರ. ಜಾತಿ, ಜನಾಂಗದ್ವೇಷ, ಬಹಿಷ್ಕಾರ, ಯುದ್ಧ ಇವುಗಳನ್ನು ಕುರಿತ ಕೃತಿಗಳನ್ನು ಓದಿ ಹೇಗೆ ಬರೆಯಬೇಕು, ಹೇಗೆ ಪಾಠ ಮಾಡಬೇಕು ಎಂದು ಕೇಳಿ ಬಂದ ಪತ್ರಗಳನ್ನು ಈ ಸಂಚಿಕೆಯಲ್ಲಿ ಒಟ್ಟಿಗೆ ತೆಗೆದುಕೊಂಡಿದ್ದೇವೆ.

ಪ್ರಶ್ನೆ: ಕಾಲೇಜಿನ ಆಂತರಿಕ ಮೌಲ್ಯಮಾಪನಕ್ಕೆ ‘ಚೋಮನ ದುಡಿ’ ಕುರಿತು ಮೂರು ಪುಟ ಬರೆದೆ. ಅಸ್ಪೃಶ್ಯತೆ ಸಮಾಜಕ್ಕೆ ಕಳಂಕ, ಓದುವಾಗ ಕಣ್ಣೀರು ಬಂತು ಎಂದೆಲ್ಲ ಮನಸ್ಸಿಟ್ಟು ಬರೆದಿದ್ದೆ. 10ಕ್ಕೆ 4 ಬಂತು. ಮೇಷ್ಟ್ರು ಅಂಚಿನಲ್ಲಿ ‘ಕೃತಿ ಎಲ್ಲಿ?’ ಎಂದು ಗೀಚಿದ್ದಾರೆ. ನನ್ನ ತಪ್ಪೇನು?
– ಬಿ.ಎ. ವಿದ್ಯಾರ್ಥಿನಿ, ಪುತ್ತೂರು

ಉತ್ತರ: ನೀವು ಬರೆದದ್ದು ಸುಳ್ಳಲ್ಲ. ಆದರೆ ಅದನ್ನು ಕಾದಂಬರಿ ತೆರೆಯದೆಯೂ ಬರೆಯಬಹುದಿತ್ತು, ತೊಂದರೆ ಇರುವುದು ಅಲ್ಲಿ. ಒಂದು ಪರೀಕ್ಷೆ ಮಾಡಿ. ನಿಮ್ಮ ಪ್ರತಿ ವಾಕ್ಯದಲ್ಲೂ ‘ಚೋಮನ ದುಡಿ’ಯನ್ನು ತೆಗೆದು ಬೇರೊಂದು ಕಾದಂಬರಿಯ ಹೆಸರಿಡಿ. ವಾಕ್ಯ ಹಾಗೆಯೇ ನಿಂತರೆ ಅದನ್ನು ಹೊಡೆದುಹಾಕಿ. ಮೂರು ಪುಟದಲ್ಲಿ ಅರ್ಧ ಪುಟವಾದರೂ ಉಳಿದರೆ ಅಲ್ಲಿಂದ ಶುರು ಮಾಡಬಹುದು.

ಶಿವರಾಮ ಕಾರಂತರ ಈ ಕಾದಂಬರಿ ಬಂದದ್ದು 1933ರಲ್ಲಿ. ಚೋಮ ಏನು ಕೇಳುತ್ತಾನೆ ಎಂಬುದನ್ನು ಮೊದಲು ಗುರುತಿಸಿ. ಅವನು ದೇವಸ್ಥಾನದ ಪ್ರವೇಶ ಕೇಳುವುದಿಲ್ಲ, ಬಾವಿಯ ನೀರು ಕೇಳುವುದಿಲ್ಲ. ಹಟ್ಟಿಯಲ್ಲಿ ಒಂದು ಜೊತೆ ಎತ್ತು ಇಟ್ಟುಕೊಂಡು, ತಾನೂ ಬೇಸಾಯ ಮಾಡಬೇಕು, ಗೇಣಿಗೆ ತುಂಡು ಗದ್ದೆ ಬೇಕು ಎನ್ನುತ್ತಾನೆ. ಧಣಿ ಸಂಕಪ್ಪಯ್ಯ ರಾಕ್ಷಸನಲ್ಲ. ಅವನ ಮನಸ್ಸು ಒಂದು ಹಂತದಲ್ಲಿ ಮೆತ್ತಗಾಗುತ್ತದೆ, ತಾಯಿ ಅಡ್ಡ ಬರುತ್ತಾಳೆ, ಸಂಪ್ರದಾಯದ ಮಾತು ಬರುತ್ತದೆ, ವಿಷಯ ಅಲ್ಲಿಗೇ ಮುಗಿಯುತ್ತದೆ. ಕೆಟ್ಟವನೊಬ್ಬ ಇಲ್ಲದೆಯೇ ಅನ್ಯಾಯ ಹೇಗೆ ನಡೆಯುತ್ತದೆ ಎಂಬುದನ್ನು ಕಾರಂತರು ತೋರಿಸಿದ್ದಾರೆ. ‘ಕ್ರೂರ ಜಮೀನ್ದಾರ’ ಎಂದು ನೀವು ಬರೆದಿದ್ದರೆ ಕಾದಂಬರಿಯ ಮುಖ್ಯ ಎಳೆಯನ್ನೇ ಕಡಿದಂತಾಯಿತು.

ಇನ್ನು ಚೋಮನ ಮಗ ನೀಲ ಹೊಳೆಯಲ್ಲಿ ಮುಳುಗುವ ಸನ್ನಿವೇಶ. ನೋಡುವವರಿದ್ದಾರೆ. ಒಬ್ಬ ಬ್ರಾಹ್ಮಣ ಯುವಕ ನೀರಿಗಿಳಿಯಲು ಮುಂದಾಗುತ್ತಾನೆ, ಉಳಿದವರು ಅವನನ್ನು ತಡೆಯುತ್ತಾರೆ. ಇದರ ಮೇಲೆ ಒಂದಿಡೀ ಪುಟ ಬರೆಯಬಹುದು. ಯಾರು ನಿಂತಿದ್ದಾರೆ, ಯಾರು ಕದಲುತ್ತಾರೆ, ಯಾರು ಮಾತಾಡುತ್ತಾರೆ, ಆ ಹೊತ್ತಿಗೆ ಲೇಖಕ ತನ್ನ ಅಭಿಪ್ರಾಯ ಹೇಳುತ್ತಾನೋ ಸುಮ್ಮನಿರುತ್ತಾನೋ? ಪುಸ್ತಕ ತೆರೆದು ನೋಡಿ ಬರೆಯಿರಿ, ನೆನಪಿನಿಂದ ಬೇಡ. 1975ರಲ್ಲಿ ಬಿ.ವಿ. ಕಾರಂತರು ಇದನ್ನು ಸಿನಿಮಾ ಮಾಡಿದರು, ಅದಕ್ಕೆ ಸ್ವರ್ಣಕಮಲವೂ ಬಂತು. ಸಿನಿಮಾದ ದೃಶ್ಯವನ್ನು ಕಾದಂಬರಿಯದೆಂದು ಬರೆದು ಅಂಕ ಕಳೆದುಕೊಳ್ಳುವವರು ಪ್ರತಿ ವರ್ಷ ಇರುತ್ತಾರೆ.

ಹಿನ್ನೆಲೆಗೆ ಅರ್ಧ ಪುಟ ಸಾಕು. ದಕ್ಷಿಣ ಕನ್ನಡ ಆಗ ಮದರಾಸು ಪ್ರಾಂತ್ಯದಲ್ಲಿತ್ತು. ಅಸ್ಪೃಶ್ಯತೆಯನ್ನು ರದ್ದು ಮಾಡಿದ ಸಂವಿಧಾನದ 17ನೇ ವಿಧಿ ಜಾರಿಗೆ ಬಂದದ್ದು 1950ರಲ್ಲಿ. ಕರ್ನಾಟಕದ ಭೂಸುಧಾರಣೆಯ 1974ರ ತಿದ್ದುಪಡಿ ಉಳುವ ಗೇಣಿದಾರನಿಗೆ ಭೂಮಿ ಕೊಟ್ಟಿತು. ಚೋಮ ಗೇಣಿದಾರನೇ ಅಲ್ಲ, ಅವನು ಮೂಲದಾಳು, ಧಣಿಗೆ ಕಟ್ಟುಬಿದ್ದು ದುಡಿಯುವ ಜೀತದಾಳು. ಅಂದರೆ ಆ ಕಾನೂನು ಅವನ ಕಾಲಕ್ಕೇ ಬಂದಿದ್ದರೂ ಅವನಿಗೆ ಗದ್ದೆ ಸಿಗುತ್ತಿತ್ತೇ? ಈ ಪ್ರಶ್ನೆಯನ್ನು ನೀವೇ ಎತ್ತಿ ಬರೆದರೆ ಮೇಷ್ಟ್ರು ಪೆನ್ನು ಕೆಳಗಿಟ್ಟು ಓದುತ್ತಾರೆ. ಕಥಾಸಾರ ಅರ್ಧ ಪುಟ ಮೀರಬಾರದು. ಎರಡು ಸನ್ನಿವೇಶಗಳ ವಿವರಣೆಗೆ ಒಂದೂವರೆ ಪುಟ ಇಡಿ. ಉಳಿದದ್ದು ನಿಮ್ಮ ತೀರ್ಮಾನಕ್ಕೆ. ಆ ತೀರ್ಮಾನ ಹೊಗಳಿಕೆಯೇ ಆಗಬೇಕೆಂದಿಲ್ಲ. ಮತಾಂತರಕ್ಕೆಂದು ಹೊರಟವನನ್ನು ಅವನ ದೈವ ಪಂಜುರ್ಲಿಯ ನೆನಪಿನಿಂದ ಹಿಂದಕ್ಕೆ ಕರೆತಂದು, ಕೊನೆಗೆ ದುಡಿ ಬಡಿಯುತ್ತಾ ಸಾಯಿಸಿದ್ದು ಸರಿಯೇ, ದಂಗೆಯ ದಾರಿಯನ್ನು ಲೇಖಕ ತಾನೇ ಮುಚ್ಚಿದನೇ ಎಂದು ಕೇಳಬಹುದು. ಕೇಳಿದ ಮೇಲೆ ಸಾಕ್ಷಿ ಕೊಡಿ, ಅಷ್ಟೇ.

ಪ್ರಶ್ನೆ: ನಾನು ಮೇಲ್ಜಾತಿಯವನು. ದಲಿತ ಆತ್ಮಕಥೆಗಳ ಬಗ್ಗೆ ಬರೆಯಲು ನನಗೆ ಹಕ್ಕಿದೆಯೇ?
– ಓದುಗ, ಧಾರವಾಡ

ಉತ್ತರ: ಇದೆ. ಪುಸ್ತಕ ಅಚ್ಚಾದ ಮೇಲೆ ಅದು ಎಲ್ಲರ ಓದಿಗೆ ಬಂದ ಹಾಗೆ. ಆದರೆ ‘ನನಗೆ ನಾಚಿಕೆಯಾಯಿತು’ ಎಂದು ಶುರುವಾಗುವ ಲೇಖನದಲ್ಲಿ ಎರಡನೇ ಪ್ಯಾರಾದ ಹೊತ್ತಿಗೆ ಬರೆದವನೇ ನಾಯಕನಾಗಿಬಿಟ್ಟಿರುತ್ತಾನೆ. ಸಿದ್ಧಲಿಂಗಯ್ಯನವರ ‘ಊರುಕೇರಿ’ಯ ಆರಂಭವನ್ನೇ ನೋಡಿ. ಅಯ್ನೋರ ಹೊಲದಲ್ಲಿ ಇಬ್ಬರು ಮನುಷ್ಯರು ಎತ್ತುಗಳಂತೆ ನೊಗ ಹೊತ್ತಿದ್ದಾರೆ, ಮೂರನೆಯವನು ಹಿಂದಿನಿಂದ ಉಳುತ್ತಿದ್ದಾನೆ. ಹುಡುಗನಿಗೆ ಮೊದಲು ಅದೊಂದು ಮೋಜಿನ ನೋಟ. ನೊಗ ಹೊತ್ತವರಲ್ಲಿ ಒಬ್ಬ ತನ್ನ ಅಪ್ಪ ಎಂದು ಗೊತ್ತಾಗುವುದು ಆಮೇಲೆ. ಈ ಕ್ರಮ ಯಾಕೆ, ಸಿಟ್ಟಿಗಿಂತ ಮುಂಚೆ ಮೋಜು ಯಾಕೆ ಬಂತು? ಇದನ್ನು ಬರೆಯಲು ನಿಮ್ಮ ಜಾತಿಯೂ ಬೇಡ, ನಿಮ್ಮ ನಾಚಿಕೆಯೂ ಬೇಡ. ಪುಸ್ತಕದ ತುಂಬ ಇರುವ ನಗುವನ್ನು ಬಿಟ್ಟು ಬರೀ ನೋವನ್ನು ಆರಿಸಿಕೊಂಡರೆ ಅದು ಅರ್ಧ ಓದು.

ಪ್ರಶ್ನೆ: ಒಂಬತ್ತನೇ ತರಗತಿಗೆ ನಾಜಿಗಳಿಂದ ಅಡಗಿಕೊಂಡಿದ್ದ ಯಹೂದಿ ಹುಡುಗಿ ಆನ್ ಫ್ರಾಂಕ್ ದಿನಚರಿಯ ಭಾಗಗಳನ್ನು ಪಾಠ ಮಾಡಬೇಕೆಂದಿದ್ದೇನೆ. 40 ನಿಮಿಷದ ಎರಡು ಪೀರಿಯಡ್ ಇದೆ. ಮಕ್ಕಳಿಗೆ ಅರ್ಧ ದಿನ ‘ಯಹೂದಿ’ಗಳ ಪಾತ್ರ ಕೊಟ್ಟು ಅನುಭವ ಮಾಡಿಸಿದರೆ ಹೇಗೆ?
– ಪ್ರೌಢಶಾಲಾ ಶಿಕ್ಷಕಿ, ಶಿರಸಿ

ಉತ್ತರ: ಆ ಆಟ ಬೇಡವೇ ಬೇಡ, ಮೇಡಂ. ವಾಷಿಂಗ್ಟನ್ನಿನ ಹಾಲೊಕಾಸ್ಟ್ (ನಾಜಿಗಳು ನಡೆಸಿದ ಯಹೂದಿಗಳ ನರಮೇಧ) ಸ್ಮಾರಕ ವಸ್ತುಸಂಗ್ರಹಾಲಯವೂ ಶಿಕ್ಷಕರಿಗೆ ಇಂಥ ಅಣಕು ಪ್ರಯೋಗ ಬೇಡವೆಂದೇ ಹೇಳುತ್ತದೆ. ಕಾರಣ ಸರಳ. ಅರ್ಧ ದಿನದ ಆಟ ಮುಗಿದ ಮೇಲೆ ಮಕ್ಕಳು ‘ನಮಗೆ ಗೊತ್ತಾಯಿತು’ ಎಂದುಕೊಳ್ಳುತ್ತಾರೆ, ಗೊತ್ತಾಗಿರುವುದಿಲ್ಲ. ಇನ್ನು ತರಗತಿಯಲ್ಲಿ ನಿಜವಾಗಿಯೂ ದೂರ ಕೂರಿಸಿಕೊಂಡ ಅನುಭವವಿರುವ ಮಗು ಇದ್ದರೆ ಅದಕ್ಕೆ ಅದು ಆಟವೂ ಅಲ್ಲ.

ಮೊದಲ ಪೀರಿಯಡ್‌ಗೆ ಹಲಗೆಯ ಮೇಲೆ ಮೂರು ದಿನಾಂಕ ಬರೆಯಿರಿ. 1942ರ ಜೂನ್ 12, ಅವಳ 13ನೇ ಹುಟ್ಟುಹಬ್ಬ, ದಿನಚರಿ ಪುಸ್ತಕ ಕೈಗೆ ಬಂದ ದಿನ. 1942ರ ಜುಲೈ 6, ಆಮ್‌ಸ್ಟರ್‌ಡ್ಯಾಮಿನ ಅಡಗುತಾಣಕ್ಕೆ ಹೋದ ದಿನ. 1944ರ ಆಗಸ್ಟ್ 4, ಬಂಧನ. ದಿನಚರಿಯ ಕೊನೆಯ ಬರಹ ಆಗಸ್ಟ್ 1ರದ್ದು. ಎಷ್ಟೋ ಮಕ್ಕಳು ಅವಳು ನಾಜಿಗಳ ಸೆರೆ ಕ್ಯಾಂಪಿನಲ್ಲಿ ಕೂತು ಬರೆದಳೆಂದು ತಿಳಿದಿರುತ್ತಾರೆ. ಕ್ಯಾಂಪಿನ ಬಗ್ಗೆ ಅವಳು ಒಂದು ಸಾಲೂ ಬರೆಯಲಿಲ್ಲ, ಬರೆಯಲು ಆಗಲಿಲ್ಲ. ವೆಸ್ಟರ್‌ಬೋರ್ಕ್, ಆಶ್ವಿಟ್ಜ್, ಕೊನೆಗೆ ಬರ್ಗೆನ್-ಬೆಲ್ಸನ್, ಹೀಗೆ ಕ್ಯಾಂಪಿನಿಂದ ಕ್ಯಾಂಪಿಗೆ ಸಾಗಿಸಿದರು. ಅಲ್ಲಿ 1945ರ ಆರಂಭದ ತಿಂಗಳುಗಳಲ್ಲಿ ತೀರಿಕೊಂಡಳು. ಬ್ರಿಟಿಷ್ ಪಡೆ ಆ ಕ್ಯಾಂಪಿಗೆ ಬಂದದ್ದು ಏಪ್ರಿಲ್ 15ಕ್ಕೆ. ಅಡಗಿದ್ದ ಎಂಟು ಜನರಲ್ಲಿ ಉಳಿದವರು ತಂದೆ ಆಟೊ ಒಬ್ಬರೇ. 1947ರಲ್ಲಿ ಪುಸ್ತಕ ಹೊರಬಂತು.

ಆಮೇಲೆ 1942ರ ಜೂನ್ 20ರ ಬರಹವನ್ನು ಮೌನವಾಗಿ ಓದಿಸಿ, 10 ನಿಮಿಷ. ಯಹೂದಿಗಳ ಮೇಲಿನ ನಿರ್ಬಂಧಗಳು ಅಲ್ಲಿ ಸಾಲಾಗಿ ಬರುತ್ತವೆ: ಹಳದಿ ನಕ್ಷತ್ರ ಧರಿಸಬೇಕು, ಸೈಕಲ್ ಒಪ್ಪಿಸಬೇಕು, ಟ್ರಾಮ್ ಹತ್ತಬಾರದು, ಅಂಗಡಿಗೆ ಮಧ್ಯಾಹ್ನ 3ರಿಂದ 5ರೊಳಗೆ ಮಾತ್ರ, ರಾತ್ರಿ 8ರಿಂದ ಬೆಳಗ್ಗೆ 6ರವರೆಗೆ ಬೀದಿಗಿಳಿಯಬಾರದು. ಮಕ್ಕಳು ಪಟ್ಟಿ ಮಾಡಲಿ. ಪ್ರತಿಯೊಂದರ ಎದುರಿಗೆ ಇದನ್ನು ಜಾರಿಗೆ ತರಲು ಯಾರು ಬೇಕು ಎಂದು ಬರೆಯಲಿ. ಟ್ರಾಮಿನ ಕಂಡಕ್ಟರ್, ಅಂಗಡಿಯವನು, ಶಾಲೆಯ ಹೆಡ್‌ಮಾಸ್ಟರ್, ಪಕ್ಕದ ಮನೆಯವರು. ಹಿಟ್ಲರ್ ಎಂಬ ಒಂದೇ ಹೆಸರು ಬರೆದು ಕೈ ತೊಳೆದುಕೊಳ್ಳುವ ಉತ್ತರಕ್ಕೆ ಇದೇ ಮದ್ದು.

ಎರಡನೇ ಪೀರಿಯಡ್‌ಗೆ 1944ರ ಜುಲೈ 15ರ ಬರಹ ಇಟ್ಟುಕೊಳ್ಳಿ. ಮನುಷ್ಯರು ಒಳಗೊಳಗೆ ಒಳ್ಳೆಯವರೇ ಎಂದು ನಂಬುತ್ತೇನೆ ಎಂಬ ಮಾತು ಇಲ್ಲಿಯದು. ಗೋಡೆ ಬರಹಗಳಲ್ಲಿ, ಶುಭಾಶಯ ಪತ್ರಗಳಲ್ಲಿ ಅದೊಂದೇ ವಾಕ್ಯ ಸುತ್ತುತ್ತದೆ. ಅದರ ಬೆನ್ನಿಗೇ ಅವಳು ಜಗತ್ತು ಮರುಭೂಮಿಯಾಗುತ್ತಿರುವುದನ್ನೂ, ಹತ್ತಿರವಾಗುತ್ತಿರುವ ಗುಡುಗನ್ನೂ ಹೇಳುತ್ತಾಳೆ. ಮುಂದಿನ ನಾಲ್ಕೈದು ವಾಕ್ಯಗಳ ಜೊತೆ ಓದಿಸಿ, ಒಂಟಿಯಾಗಿ ಎತ್ತಿಕೊಂಡಾಗ ಏನು ಕಳೆದುಹೋಯಿತು ಎಂದು ಎಂಟು ವಾಕ್ಯ ಬರೆಸಿ. ಇನ್ನೊಂದು ಸಂಗತಿ ಗಮನದಲ್ಲಿರಲಿ. ಯುದ್ಧದ ನಂತರ ಜನರ ದಿನಚರಿಗಳನ್ನು ಸಂಗ್ರಹಿಸಬೇಕೆಂದು ದೇಶಾಂತರದಲ್ಲಿದ್ದ ಡಚ್ ಸರ್ಕಾರದ ಮಂತ್ರಿಯೊಬ್ಬರು 1944ರ ಮಾರ್ಚ್‌ನಲ್ಲಿ ರೇಡಿಯೊದಲ್ಲಿ ಹೇಳಿದ್ದನ್ನು ಕೇಳಿ, ಅದೇ ಮೇ ತಿಂಗಳಿಂದ ಅವಳು ತನ್ನ ಬರಹವನ್ನು ತಿದ್ದಿ ಹೊಸದಾಗಿ ಬರೆಯತೊಡಗಿದಳು. ಆದ್ದರಿಂದ ‘ಪಾಪದ ಹುಡುಗಿಯ ಮನದಾಳ’ ಎನ್ನುವ ಬದಲು ಅವಳನ್ನು ಲೇಖಕಿಯೆಂದೇ ಓದಬೇಕು.

ಮಕ್ಕಳು ತಾವಾಗಿಯೇ ನಮ್ಮ ಊರಿನ ಜಾತಿಗೆ ಹೋಲಿಸುತ್ತಾರೆ. ತಡೆಯಬೇಡಿ, ಕೊನೆಯ ಹತ್ತು ನಿಮಿಷ ಅದಕ್ಕೇ ಇಡಿ. ಒಂದು ಸಾಮ್ಯ, ಒಂದು ವ್ಯತ್ಯಾಸ, ಎರಡೂ ಬರೆಯಬೇಕು ಎಂದು ಹೇಳಿ. ಜರ್ಮನ್ನರು ನೆದರ್‌ಲ್ಯಾಂಡ್ಸ್ ಹಿಡಿದದ್ದು 1940ರ ಮೇನಲ್ಲಿ, ಎರಡೇ ವರ್ಷದಲ್ಲಿ ಆದೇಶದ ಮೇಲೆ ಆದೇಶ ಬಂತು. ಅಸ್ಪೃಶ್ಯತೆ ನಡೆಯಲು ಅಂಥ ದಿನಾಂಕ ಹಾಕಿದ ಆದೇಶವೇ ಬೇಕಿರಲಿಲ್ಲ. ವ್ಯತ್ಯಾಸ ಬರೆಯದ ಹೋಲಿಕೆ ಎರಡೂ ಇತಿಹಾಸಗಳನ್ನು ಮಸುಕು ಮಾಡುತ್ತದೆ.

ಪ್ರಶ್ನೆ: ನಮ್ಮ ಓದುಬಳಗ ‘ಟು ಕಿಲ್ ಎ ಮಾಕಿಂಗ್‌ಬರ್ಡ್’ ಓದಿ ಚರ್ಚಿಸಿತು. ವಕೀಲ ಅಟಿಕಸ್ ಎಷ್ಟು ದೊಡ್ಡ ಮನುಷ್ಯ ಎಂಬುದರಾಚೆ ಮಾತು ಹೋಗಲೇ ಇಲ್ಲ. ಪುಸ್ತಕದಲ್ಲಿರುವ ಜನಾಂಗ ನಿಂದನೆಯ ಪದವನ್ನು ಗಟ್ಟಿಯಾಗಿ ಓದಬಹುದೇ ಎಂಬ ಜಗಳ ಬೇರೆ.
– ಬೆಂಗಳೂರು

ಉತ್ತರ: ಪದದ ವಿಷಯ ಮೊದಲು ಮುಗಿಸೋಣ. ಬೈಗುಳ ಪುಟದಲ್ಲಿ ಇದ್ದಲ್ಲೇ ಇರಲಿ, ಎಲ್ಲರೂ ಕಣ್ಣಿನಲ್ಲಿ ಓದಲಿ, ಮಾತಿನಲ್ಲಿ ‘ಆ ಬೈಗುಳ’ ಎಂದರೆ ಸಾಕು. ಕನ್ನಡದ ಕೃತಿಗಳಲ್ಲಿ ಜಾತಿಯ ಹೆಸರು ಬೈಗುಳವಾಗಿ ಬಂದಾಗಲೂ ಇದೇ ಕ್ರಮ. ಸಭೆಗೆ ಮುಂಚೆಯೇ ಒಪ್ಪಂದವಾಗಿರಬೇಕು.

ಹಾರ್ಪರ್ ಲೀ ಅವರ ಈ ಕಾದಂಬರಿ 1960ರದ್ದು, ಕಥೆ ನಡೆಯುವುದು 1930ರ ದಶಕದ ಅಲಬಾಮಾದಲ್ಲಿ. 1931ರಲ್ಲಿ ಅದೇ ರಾಜ್ಯದ ಸ್ಕಾಟ್ಸ್‌ಬರೊದಲ್ಲಿ ಒಂಬತ್ತು ಕಪ್ಪು ಹುಡುಗರ ಮೇಲೆ ಇಬ್ಬರು ಬಿಳಿ ಹೆಂಗಸರ ಮೇಲಿನ ಅತ್ಯಾಚಾರದ ಸುಳ್ಳು ಆರೋಪ ಬಂದಿತ್ತು. ಅಟಿಕಸ್‌ನನ್ನು ಪಕ್ಕಕ್ಕಿಟ್ಟು, ಬಿಳಿ ಹೆಂಗಸು ಮಯೆಲ್ಲಾಳ ಮೇಲೆ ಅತ್ಯಾಚಾರ ಮಾಡಿದನೆಂಬ ಆರೋಪ ಹೊತ್ತ ಅವನ ಕಕ್ಷಿದಾರ, ಕಪ್ಪು ಮನುಷ್ಯ ಟಾಮ್ ರಾಬಿನ್ಸನ್‌ನ ಸಾಕ್ಷ್ಯಕ್ಕೆ ಹೋಗಿ. ಅವನ ಎಡಗೈ ಚಿಕ್ಕಂದಿನಲ್ಲೇ ಹತ್ತಿ ಯಂತ್ರಕ್ಕೆ ಸಿಕ್ಕು ಕೆಟ್ಟಿದೆ. ಮಯೆಲ್ಲಾಳಿಗೆ ಪೆಟ್ಟು ಬಿದ್ದಿರುವುದು ಮುಖದ ಬಲಭಾಗಕ್ಕೆ. ಹೊಡೆದವನು ಎಡಚನಾಗಿರಬೇಕು. ಲೆಕ್ಕ ಇಷ್ಟು ಸ್ಪಷ್ಟ. ಆದರೂ ಕೂಲಿಯಿಲ್ಲದೆ ಅವಳ ಕೆಲಸ ಯಾಕೆ ಮಾಡಿಕೊಟ್ಟೆ ಎಂದು ಸರ್ಕಾರಿ ವಕೀಲ ಕೇಳಿದಾಗ ಟಾಮ್ ಅವಳನ್ನು ಕಂಡು ಅಯ್ಯೋ ಅನ್ನಿಸಿತು ಎನ್ನುತ್ತಾನೆ. ಕೋರ್ಟು ಅಲ್ಲೇ ಬಿಗಿಯಾಗುತ್ತದೆ. ಕಪ್ಪು ಮನುಷ್ಯ ಬಿಳಿ ಹೆಂಗಸಿನ ಮೇಲೆ ಕರುಣೆ ತೋರಿಸುವುದು ಆ ಸಮಾಜಕ್ಕೆ ಯಾಕೆ ಸಹಿಸದ ಮಾತಾಯಿತು? ಬಳಗ ಅರ್ಧ ಗಂಟೆ ಇದೊಂದನ್ನೇ ಮಾತಾಡಲಿ.

ಮುಂದಿನ ಅರ್ಧ ಗಂಟೆ ಯಾರ ಕಣ್ಣಿನಿಂದ ನೋಡುತ್ತಿದ್ದೇವೆ ಎಂಬುದಕ್ಕೆ. ಹೇಳುವವಳು ಬಿಳಿ ವಕೀಲನ ಮಗಳು. ಟಾಮ್ ಸತ್ತ ಸುದ್ದಿ ತಲುಪಿದಾಗ ಅವನ ಹೆಂಡತಿ ಹೆಲೆನ್ ಕುಸಿದದ್ದೂ ನಮಗೆ ಗೊತ್ತಾಗುವುದು ಡಿಲ್ ಎಂಬ ಹುಡುಗನ ಬಾಯಿಂದ. ಅವಳ ಮನೆಯೊಳಗೆ ನಮ್ಮನ್ನು ಬಿಡುವುದಿಲ್ಲ. ಈ ಕೊರತೆ ಕಣ್ಣಿಗೆ ಬಿದ್ದರೆ ಮುಂದಿನ ತಿಂಗಳಿಗೆ ಮಿಲ್‌ಡ್ರೆಡ್ ಟೇಲರ್ ಅವರ ‘ರೋಲ್ ಆಫ್ ಥಂಡರ್, ಹಿಯರ್ ಮೈ ಕ್ರೈ’ (1976) ಇಟ್ಟುಕೊಳ್ಳಿ. ಅದೇ ದಶಕದ ಮಿಸಿಸಿಪ್ಪಿಯ ಕಥೆ, ಹೇಳುವವಳು ಕಪ್ಪು ಹುಡುಗಿ, ಮನೆಯವರಿಗೆ ಸ್ವಂತ ಜಮೀನಿದೆ. ಪ್ರತಿಯೊಬ್ಬರೂ ಒಂದು ಪುಟದ ಸಂಖ್ಯೆ, ಒಂದು ವಾಕ್ಯ ಹಿಡಿದು ಬರಬೇಕೆಂಬ ನಿಯಮ ಮಾಡಿ. ಭಾಷಣ ತಾನಾಗಿಯೇ ಕಡಿಮೆಯಾಗುತ್ತದೆ.

ಪ್ರಶ್ನೆ: ನಾನು ನಿವೃತ್ತ ಸೈನಿಕ. ಮೊಮ್ಮಗಳ ಕಾಲೇಜಿನಲ್ಲಿ ವಿಲ್‌ಫ್ರೆಡ್ ಓವೆನ್‌ನ ಯುದ್ಧವಿರೋಧಿ ಕವಿತೆ ಪಾಠವಿದೆಯಂತೆ. ಇದು ಸೈನಿಕರಿಗೆ ಅವಮಾನವಲ್ಲವೇ? ಅವಳು ಹೇಗೆ ಉತ್ತರ ಬರೆಯಬೇಕು?
– ಮಡಿಕೇರಿ

ಉತ್ತರ: ಓವೆನ್ ನಿಮ್ಮವನೇ, ಸರ್. ಮಿಲಿಟರಿ ಕ್ರಾಸ್ ಎಂಬ ಶೌರ್ಯಪದಕ ಪಡೆದ ಬ್ರಿಟಿಷ್ ಅಧಿಕಾರಿ. ಚಿಕಿತ್ಸೆ ಪಡೆದು ಮತ್ತೆ ರಣರಂಗಕ್ಕೆ ಹೋಗಿ 1918ರ ನವೆಂಬರ್ 4ರಂದು, ಮೊದಲ ಮಹಾಯುದ್ಧ ನಿಲ್ಲಲು ಒಂದು ವಾರ ಇದ್ದಾಗ, 25ನೇ ವಯಸ್ಸಿನಲ್ಲಿ ಮಡಿದ. ‘ಡುಲ್ಸೆ ಎಟ್ ಡೆಕೋರಮ್ ಎಸ್ಟ್’ ಕವಿತೆಯೇ ಪಾಠವಿದ್ದರೆ ಅವಳು ಸರ್ವನಾಮಗಳನ್ನು ಹಿಂಬಾಲಿಸಲಿ. ಒಟ್ಟು 28 ಸಾಲು. ಮೊದಲ ಎಂಟರಲ್ಲಿ ‘ನಾವು’, ದಣಿದು ಕುಂಟುತ್ತಾ ಹಿಂದಿರುಗುವವರು. ಮುಂದಿನ ಆರರಲ್ಲಿ ವಿಷಾನಿಲ, ಮುಖವಾಡ ಹಾಕಿಕೊಳ್ಳಲಾಗದ ಒಬ್ಬ, ಅವನನ್ನು ಗಾಜಿನ ಹಸಿರು ಬೆಳಕಿನಲ್ಲಿ ನೋಡುವ ‘ನಾನು’. ನಡುವೆ ಎರಡೇ ಸಾಲಿನ ಕನಸು. ಕೊನೆಯ ಹನ್ನೆರಡು ಸಾಲು ಒಂದೇ ಉದ್ದ ವಾಕ್ಯ, ‘ನೀನು’ ಎಂದು ಸಂಬೋಧಿಸಿದ್ದು. ಆ ‘ನೀನು’ ಸೈನಿಕನಲ್ಲ. ಊರಿನಲ್ಲಿ ಸುರಕ್ಷಿತವಾಗಿದ್ದು, ದೇಶಕ್ಕಾಗಿ ಸಾಯುವುದು ಸಿಹಿ ಎಂಬ ರೋಮನ್ ಕವಿ ಹೊರೇಸ್‌ನ ಲ್ಯಾಟಿನ್ ಸಾಲನ್ನು ಹುಡುಗರ ಕಿವಿಗೆ ಊದುವವನು. ‘ಯುದ್ಧ ಕೆಟ್ಟದ್ದು ಎಂದು ಕವಿ ಹೇಳುತ್ತಾನೆ’ ಎಂದು ಮಾತ್ರ ಬರೆದರೆ ಈ ಮೊನೆ ತಪ್ಪಿಹೋಗುತ್ತದೆ. ಅದೇ ಯುದ್ಧದಲ್ಲಿ 1918ರ ಸೆಪ್ಟೆಂಬರ್ 23ರಂದು ಈಗಿನ ಇಸ್ರೇಲಿನ ಹೈಫಾದಲ್ಲಿ ಮೈಸೂರು ಸಂಸ್ಥಾನದ ಕುದುರೆ ಪಡೆ ಮೈಸೂರು ಲ್ಯಾನ್ಸರ್ಸ್ ಕೂಡ ಹೋರಾಡಿದ್ದರು. ಬೆಂಗಳೂರಿನ ಜಯಚಾಮರಾಜೇಂದ್ರ ನಗರದಲ್ಲಿರುವ ಅವರ ಸ್ಮಾರಕವನ್ನು ಅವಳಿಗೆ ತೋರಿಸಿ. ಸ್ಮಾರಕದ ಭಾಷೆ ಒಂದು, ಕವಿತೆಯ ಭಾಷೆ ಇನ್ನೊಂದು. ಎರಡನ್ನೂ ಎದುರು ಬದುರು ಇಟ್ಟು ಅವಳು ಒಂದು ಪುಟ ಬರೆಯಬಹುದು.

ಪ್ರಶ್ನೆ: ಕನ್ನಡದಲ್ಲಿ ಯುದ್ಧದ ಬಗ್ಗೆ ಇಂಥದ್ದು ಏನಿದೆ?
– ಕಲಬುರಗಿ

ಉತ್ತರ: ರನ್ನನ ‘ಗದಾಯುದ್ಧ’ದಲ್ಲಿ ದುರ್ಯೋಧನ ಹೆಣಗಳ ನಡುವೆ ನಡೆದುಹೋಗುವ ಭಾಗ ಓದಿ. ಯಾರ ಶವದ ಮುಂದೆ ಎಷ್ಟು ಪದ್ಯ ನಿಲ್ಲುತ್ತಾನೆ ಎಂದು ಎಣಿಸುತ್ತಾ ಹೋದರೆ ನಿಮ್ಮ ಟಿಪ್ಪಣಿ ಅರ್ಧ ಸಿದ್ಧ. ಅದರ ಜೊತೆಗೆ ಕುವೆಂಪು ಅವರ ‘ಶ್ಮಶಾನ ಕುರುಕ್ಷೇತ್ರಂ’ ನಾಟಕ. ಎರಡೂ ಯುದ್ಧಭೂಮಿಯನ್ನೇ ತೋರಿಸುತ್ತವೆ, ಆದರೆ ಯಾರು ಅಳುತ್ತಾರೆ ಎಂಬುದು ಬದಲಾಗಿದೆ. ಹಳಗನ್ನಡ ಕಷ್ಟವಾದರೆ ಗದ್ಯಾನುವಾದ ಇಟ್ಟುಕೊಂಡು ಓದಿ, ಉದಾಹರಿಸುವಾಗ ಮಾತ್ರ ಮೂಲ ಪದ್ಯವನ್ನೇ ಬರೆಯಿರಿ.