ಕರೆದರೆ ಬಾರದ ನಾಯಿ

ಉಡುಪಿಯಲ್ಲಿ ಕೌಟುಂಬಿಕ ಆಪ್ತಸಲಹೆ ನೀಡುವ ನನ್ನ ಬಳಿಗೆ, ಸಾಕಿದ ನಾಯಿಯ ಕಾರಣಕ್ಕೆ ಮನಸ್ತಾಪ ಬೆಳೆದ ಮನೆಯವರು ಆಗಾಗ ಬರುತ್ತಾರೆ. ಮನೆಗಳು ಬೇರೆ ಬೇರೆಯಾದರೂ ಆಗಿರುವ ತಪ್ಪು ಹೆಚ್ಚುಕಡಿಮೆ ಒಂದೇ ಆಗಿರುವುದರಿಂದ, ಸಂಬಂಧಪಟ್ಟವರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿ ಈ ಪ್ರಕರಣವನ್ನು ಬರೆಯುತ್ತಿದ್ದೇನೆ.

ತಂದೆ ಗಲ್ಫಿನಲ್ಲಿ ಬಹಳ ವರ್ಷ ದುಡಿದು ಊರಿಗೆ ಮರಳಿದವರು. ಅವರು ಬರುವ ಹೊತ್ತಿಗೆ ತಾಯಿ, ಮಗ ಸೇರಿ ಸಾಕಿದ್ದ ಲ್ಯಾಬ್ರಡಾರ್ ನಾಯಿಗೆ ಎರಡು ವರ್ಷವಾಗಿತ್ತು. ಅದಕ್ಕೆ ಶಿಸ್ತು ಕಲಿಸುವ ಹೊಣೆಯನ್ನು ಅವರೇ ವಹಿಸಿಕೊಂಡರು. ಆರು ತಿಂಗಳು ಕಳೆಯುವಷ್ಟರಲ್ಲಿ ಅದು ಅವರ ಕೈಯನ್ನು ಕಚ್ಚಿತು. ಅದನ್ನು ಮೀನು ಮಾರುಕಟ್ಟೆಯ ಬಳಿ ಬಿಟ್ಟು ಬರುತ್ತೇನೆಂದು ಅವರು, ಹಾಗೆ ಮಾಡಿದರೆ ತಾನು ತವರಿಗೆ ಹೋಗುತ್ತೇನೆಂದು ಹೆಂಡತಿ ಹಟ ಹಿಡಿದಿದ್ದರು.

ಎರಡನೆಯ ಭೇಟಿಗೆ ಹದಿಮೂರರ ಮಗನೂ ಬಂದಿದ್ದ. ಒಂದು ಸಾಮಾನ್ಯ ದಿನದಲ್ಲಿ ನಡೆಯುವುದನ್ನು ಗಡಿಯಾರದ ಲೆಕ್ಕದಲ್ಲಿ ಹೇಳಿ ಎಂದು ಮೂವರನ್ನೂ ಕೇಳಿದೆ. ಬೆಳಿಗ್ಗೆ ಹನ್ನೊಂದಕ್ಕೆ ನಾಯಿ ಜಗಲಿಯಲ್ಲಿದ್ದ ಚಪ್ಪಲಿಯನ್ನು ಕಡಿಯುತ್ತದೆ; ಸಂಜೆ ಐದೂವರೆಗೆ ತಂದೆ ಮನೆಗೆ ಬಂದು, ಹೆಸರು ಹಿಡಿದು ಕರೆದು, ಚಪ್ಪಲಿಯನ್ನು ಮೂಗಿಗೆ ಹಿಡಿದು, ಸುರುಳಿ ಸುತ್ತಿದ ಪತ್ರಿಕೆಯಿಂದ ಹೊಡೆಯುತ್ತಾರೆ. “ಈಗೀಗ ಕರೆದರೆ ಬರುವುದೇ ಇಲ್ಲ, ಅಷ್ಟು ಸೊಕ್ಕು” ಎಂದರು ಅವರು. ಆಗ ಮಗ ನೆಲ ನೋಡುತ್ತಾ ಹೇಳಿದ: “ಸೊಕ್ಕಲ್ಲ ಮೇಡಂ. ಅಪ್ಪನ ಹತ್ತಿರ ಬಂದರೆ ಪೆಟ್ಟು ಬೀಳ್ತದೆ ಅಂತ ಅದಕ್ಕೆ ಗೊತ್ತುಂಟು.”

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಹುಡುಗ ತನ್ನ ಬಗ್ಗೆಯೇ ಹಾಗೆ ಹೇಳಿಕೊಂಡಿರಬೇಕು, ನೀವು ಅದನ್ನು ಹಿಡಿದು ಮುಂದುವರಿಯಬೇಕಿತ್ತು ಎಂದು ಸಹೋದ್ಯೋಗಿಯೊಬ್ಬರು ಆಮೇಲೆ ಆಕ್ಷೇಪಿಸಿದರು. ಆ ಸಂಶಯ ನನಗೂ ಬಂದು ಅವನನ್ನು ಪ್ರತ್ಯೇಕವಾಗಿ ಕೇಳಿದ್ದೆ. ಅವನು ಹೇಳಿದ್ದು ನಾಯಿಯ ವಿಷಯವನ್ನೇ. ಮಗುವಿನ ನೇರವಾದ ಮಾತಿಗೆ ಬೇರೊಂದು ಅರ್ಥವನ್ನು ಹೊರಿಸುವುದು ಸಲಹೆಗಾರರಾದ ನಮಗೆ ಒಪ್ಪುವ ಕೆಲಸವಲ್ಲವೆಂದು ನಾನು ದೃಢವಾಗಿ ನಂಬುತ್ತೇನೆ.

“ತಪ್ಪು ಮಾಡಿದ್ದು ಅದಕ್ಕೂ ಗೊತ್ತಿರುತ್ತದೆ, ತಲೆ ತಗ್ಗಿಸಿ ನಿಲ್ಲುತ್ತದಲ್ಲ?” ಎಂದು ತಂದೆ ವಾದಿಸಿದರು. ನಾಯಿಗಳ ವರ್ತನೆಯನ್ನು ಅಧ್ಯಯನ ಮಾಡುವ ವಿಜ್ಞಾನಿ ಅಲೆಕ್ಸಾಂಡ್ರಾ ಹೊರೊವಿಟ್ಜ್ 2009ರಲ್ಲಿ ಪ್ರಕಟಿಸಿದ ಪ್ರಯೋಗವನ್ನು ಅವರಿಗೆ ವಿವರಿಸಿದೆ. ತಿನ್ನಬಾರದೆಂದು ಹೇಳಿಟ್ಟ ತಿಂಡಿಯನ್ನು ನಾಯಿ ತಿಂದಿದೆಯೋ ಇಲ್ಲವೋ ಎಂಬುದಕ್ಕೂ ಅದರ ತಪ್ಪಿತಸ್ಥ ಮುಖಕ್ಕೂ ಅಲ್ಲಿ ಸಂಬಂಧ ಕಾಣಲಿಲ್ಲ. ಯಜಮಾನರು ಗದರಿದಾಗ, ಏನನ್ನೂ ತಿನ್ನದ ನಾಯಿಯೂ ಹಾಗೆಯೇ ಮುದುಡಿ ನಿಂತಿತು. ನಾವು ಪಶ್ಚಾತ್ತಾಪವೆಂದು ಓದಿಕೊಳ್ಳುವುದು ನಮ್ಮ ಸಿಟ್ಟಿಗೆ ಅದು ತೋರುವ ಭಯವನ್ನು. ನಾಯಿ ಶಿಕ್ಷೆಯನ್ನು ಆ ಕ್ಷಣದಲ್ಲಿ ನಡೆಯುತ್ತಿರುವುದಕ್ಕೆ ಜೋಡಿಸಿಕೊಳ್ಳುತ್ತದೆಯೇ ಹೊರತು ಆರೂವರೆ ಗಂಟೆ ಹಿಂದಿನ ಚಪ್ಪಲಿಗಲ್ಲ.

ಕಚ್ಚಿದ ಘಟನೆ ಇನ್ನೂ ಗಂಭೀರವಾದದ್ದು. ಊಟದ ಬಟ್ಟಲಿಗೆ ಕೈ ಹಾಕಿದಾಗ ಅದು ಮೊದಮೊದಲು ಗುರುಗುಟ್ಟುತ್ತಿತ್ತು, ಗುರುಗುಟ್ಟಿದ್ದಕ್ಕೆ ಹೊಡೆದರು, ಅದು ಗುರುಗುಟ್ಟುವುದನ್ನು ಬಿಟ್ಟಿತು. ಪಳಗಿತೆಂದು ಇವರು ಭಾವಿಸಿದ್ದಾಗ ಒಂದು ದಿನ ಸದ್ದಿಲ್ಲದೆ ಕಚ್ಚಿತು. ಗುರುಗುಟ್ಟುವುದು ನಾಯಿಯು ಕೊಡುವ ಎಚ್ಚರಿಕೆ. ಆ ಎಚ್ಚರಿಕೆಯನ್ನು ಹೊಡೆದು ನಿಲ್ಲಿಸಿದರೆ ಒಳಗಿನ ಭಯ ಹಾಗೆಯೇ ಉಳಿಯುತ್ತದೆ.

ನಾನು ನಾಯಿ ತರಬೇತುದಾರಳಲ್ಲ. ಆದ್ದರಿಂದ ಕಿವಿ, ಹಲ್ಲು, ಕೀಲುಗಳ ನೋವೇನಾದರೂ ಇದೆಯೇ ಎಂದು ಮೊದಲು ಪಶುವೈದ್ಯರಿಗೆ ತೋರಿಸಲು ಹೇಳಿದೆ. ಕಚ್ಚಿದ ಗಾಯವನ್ನು ತಂದೆ ನೀರಿನಲ್ಲಿ ಬರಿದೇ ತೊಳೆದಿದ್ದರು. ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಸಾಕುನಾಯಿಯಾದರೂ ತಕ್ಷಣ ವೈದ್ಯರ ಬಳಿಗೆ ಹೋಗಬೇಕೆಂಬುದನ್ನು ಇಲ್ಲಿ ಒತ್ತಿ ಹೇಳುತ್ತೇನೆ. ಸಾಕಿದ ಪ್ರಾಣಿಯನ್ನು ಹಸಿವಿಗೆ ಒಡ್ಡಿ ಬೀದಿಗೆ ಬಿಡುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಡಿ ಅಪರಾಧವೆಂದೂ ತಿಳಿಸಿದೆ.

ಉಳಿದ ಸಲಹೆಗಳು ಸರಳವಾದವು. ಚಪ್ಪಲಿ ಕಪಾಟಿನೊಳಗೆ ಇರಲಿ. ಬೈಯುವುದಕ್ಕಾಗಿ ಹೆಸರು ಹಿಡಿದು ಕರೆಯುವುದು ಬೇಡ. ಬಟ್ಟಲಿಗೆ ಕೈ ಹಾಕದೆ, ನಾಯಿ ನಿರಾಳವಾಗಿ ತಿನ್ನುತ್ತಿರುವಾಗ ದೂರದಿಂದಲೇ ಮುಳ್ಳು ತೆಗೆದ ಬೇಯಿಸಿದ ಬಂಗುಡೆಯ ಚೂರೊಂದನ್ನು ಎಸೆದು ಮುಂದೆ ನಡೆಯಬೇಕು. ತಾಯಿ ತುಳುವಿನಲ್ಲಿ “ಕುಳ್ಳು”, ಮಗ “ಸಿಟ್”, ತಂದೆ “ಬೈಠ್” ಎನ್ನುತ್ತಿದ್ದ ಮನೆಯಲ್ಲಿ ಮೂವರೂ “ಕುಳ್ಳು” ಎಂಬ ಒಂದೇ ಮಾತನ್ನು ಬಳಸಬೇಕು. ನಾಯಿ ಕುಳಿತ ಕೂಡಲೇ, ಒಂದೆರಡು ಕ್ಷಣಗಳೊಳಗೆ, ತಿಂಡಿ ಕೊಡಬೇಕು. ಇದು ಮುದ್ದು ಮಾಡಿ ಕೆಡಿಸುವ ದಾರಿಯೆಂದು ತಂದೆಗೆ ಅನ್ನಿಸಿತ್ತು. ಹೊಡೆತದಿಂದ ಆರು ತಿಂಗಳಲ್ಲಿ ದೊರೆತದ್ದೇನು ಎಂದಷ್ಟೇ ನಾನು ಕೇಳಿದೆ.

ಎರಡು ತಿಂಗಳ ಬಳಿಕ ಅವರೊಬ್ಬರೇ ಬಂದರು. ನಾಯಿ ಈಗ ಗೇಟಿನ ತನಕ ಬರುತ್ತದೆ, ಮೂರು ಮಾರು ದೂರದಲ್ಲಿ ಕುಳಿತು ಬಾಲ ಅಲ್ಲಾಡಿಸುತ್ತದೆ, ಕೈಗೆ ಸಿಗುವುದಿಲ್ಲ ಎಂದರು. ಪತ್ರಿಕೆಯ ಸದ್ದು ಕೇಳಿದರೆ ಮಾತ್ರ ಇನ್ನೂ ಎದ್ದು ಹೋಗುತ್ತದೆಯಂತೆ. ಹಾಗಾಗಿ ಅವರು ಈಗ ಪತ್ರಿಕೆಯನ್ನು ಜಗಲಿಯಲ್ಲಿ ಓದುವುದಿಲ್ಲ, ಒಳಗಿನ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಓದುತ್ತಾರೆ.