ಪ್ರತಿಕ್ರಿಯೆ: ಗುರುಗಳಿಗೆ ತಾರೆಯರೇ ಏಕೆ ಬೇಕು?

ಅಹಂಕಾರ ಬಿಡಿ ಎನ್ನುವ ಪಂಥಗಳೇ ಸಿನಿಮಾದವರ, ಹಾಡುಗಾರರ ಹಿಂದೆ ಏಕೆ ಬೀಳುತ್ತವೆ ಎಂದು ಕೇಳಿದ್ದೀರಿ. ದುಡ್ಡಿಗಾಗಿ ಎಂದರೆ ಅರ್ಧ ಉತ್ತರವಷ್ಟೇ. ಹೊಸ ಪಂಥಕ್ಕೆ ಮೊದಲು ಬೇಕಾಗುವುದು ಮರ್ಯಾದೆ. ಹಳೆಯ ಧರ್ಮಗಳ ಬೆನ್ನಿಗೆ ಶತಮಾನಗಳಿವೆ, ನಿನ್ನೆ ಮೊನ್ನೆ ಹುಟ್ಟಿದ್ದಕ್ಕೆ ಏನಿದೆ? ಎಲ್ಲರಿಗೂ ಗೊತ್ತಿರುವ ಮುಖವೊಂದು ಗುರುವಿನ ಪಕ್ಕ ಕೂತರೆ ಜನರ ಅನುಮಾನ ತಾನಾಗಿ ಕರಗುತ್ತದೆ.

ಮಹರ್ಷಿ ಮಹೇಶ ಯೋಗಿಯವರನ್ನೇ ನೋಡಿ. 1950ರ ದಶಕದ ಕೊನೆಯಿಂದಲೇ ದೇಶ ದೇಶ ಸುತ್ತಿ ಧ್ಯಾನ ಕಲಿಸುತ್ತಿದ್ದರು. 1967ರಲ್ಲಿ ಜಗತ್ತಿಗೇ ಹೆಸರಾಗಿದ್ದ ಇಂಗ್ಲೆಂಡಿನ ಹಾಡುಗಾರರ ತಂಡ ಬೀಟಲ್ಸ್ ಅವರನ್ನು ಹುಡುಕಿ ಬಂತು, ಮರುವರ್ಷ ಹೃಷಿಕೇಶದ ಆಶ್ರಮಕ್ಕೂ ಹೋಯಿತು. ಆಮೇಲೆ ಪ್ರಚಾರವನ್ನು ಪತ್ರಿಕೆಗಳೇ ನೋಡಿಕೊಂಡವು, ಅದೂ ಪುಕ್ಕಟೆ! ಆದರೆ 1968ರ ಏಪ್ರಿಲ್‌ನಲ್ಲಿ ಆ ತಂಡದ ಜಾನ್ ಲೆನನ್ ಮುನಿಸಿಕೊಂಡು ಹೊರಟರಲ್ಲ, ಆ ಸುದ್ದಿಯೂ ಅಷ್ಟೇ ದೂರ ಹೋಯಿತು. ಅದೇ ತಂಡದ ಜಾರ್ಜ್ ಹ್ಯಾರಿಸನ್ ಹರೇ ಕೃಷ್ಣ ಪಂಥಕ್ಕೆ 1973ರಲ್ಲಿ ಲಂಡನ್ ಹತ್ತಿರದ ದೊಡ್ಡ ಬಂಗಲೆಯನ್ನೇ ಕೊಟ್ಟರು. ಅಮೆರಿಕದಲ್ಲಿ ಹುಟ್ಟಿದ ಸೈಂಟಾಲಜಿ ಎಂಬ ಹೊಸ ಪಂಥದವರಂತೂ ಮುಚ್ಚುಮರೆಯಿಲ್ಲದೆ 1969ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಸೆಲೆಬ್ರಿಟಿ ಸೆಂಟರ್ ಎಂದೇ ಹೆಸರಿಟ್ಟು ಕೇಂದ್ರ ತೆರೆದರು.

ಸೆಳೆತ ಒಂದೇ ಕಡೆಯದಲ್ಲ. ಸುತ್ತ ಹೌದಪ್ಪಗಳೇ ತುಂಬಿರುವ ನಟನಿಗೆ, ತನ್ನ ಹೆಸರಿಗೆ ಬೆರಗಾಗದ ಗುರು ಸಿಕ್ಕರೆ ದೊಡ್ಡ ಸಮಾಧಾನ. (ಬೆರಗಾಗದಂತೆ ತೋರಿಸಿಕೊಳ್ಳುವುದೂ ಒಂದು ಕಲೆ ಬಿಡಿ.)

ಇನ್ನೊಂದು ಮಾತು. ತಾರೆಗೆ ಬೇರೆ ಕೋಣೆ, ಗುರುವಿನ ನೇರ ಭೇಟಿ, ಎಲ್ಲರ ನಗುಮುಖ. ಅವರು ಹೊಗಳುವುದು ತಾವು ಕಂಡ ಆಶ್ರಮವನ್ನು. ಪಾತ್ರೆ ತೊಳೆಯುವ ಭಕ್ತ ಕಂಡದ್ದು ಬೇರೆಯೇ ಇರಬಹುದು, ಸೇರುವ ಮುಂಚೆ ಅವನನ್ನು ಕೇಳಿ.